ಅಮ್ಮನ ಕೈಗೆ ಒಪ್ಪುವ ವಾಯ್ಸ್ ರಿಮೋಟ್: ಮೂರು ಕೊಂಡು ನೋಡಿದ ಮೇಲೆ

ತಿಪಟೂರಿನ ನಮ್ಮ ಮನೆಯಲ್ಲಿ ಅಮ್ಮ ಒಬ್ಬಳೇ ಇರುವುದು. ಎಪ್ಪತ್ತೆರಡು ವರ್ಷ. ಸಂಜೆ ದೀಪ ಹಚ್ಚಿ, ರಾತ್ರಿಗೆ ಸಾರು ಬಿಸಿಗಿಟ್ಟು, ಒಂದೆರಡು ಗಂಟೆ ಟಿವಿ ಮುಂದೆ ಕೂರುತ್ತಾಳೆ. ಅದೇ ಅವಳಿಗೆ ಜೊತೆ. 2019ರ ದೀಪಾವಳಿಗೆ ಅಣ್ಣ ಒಂದು ಫೈರ್ ಟಿವಿ ಸ್ಟಿಕ್ (ಟಿವಿಯ ಹಿಂದೆ ಸಿಕ್ಕಿಸಿ ಇಂಟರ್ನೆಟ್‌ನ ಸಿನಿಮಾ, ವಿಡಿಯೋ ನೋಡುವ ಅಮೆಜಾನ್‌ನ ಚಿಕ್ಕ ಸಾಧನ) ತಂದು ಹಾಕಿಕೊಟ್ಟಿದ್ದ, ಅದು ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಕೆಟ್ಟಿದ್ದು ರಿಮೋಟ್. ಬೇಸಿಗೆಯಲ್ಲಿ ಅಮ್ಮ ಎರಡು ತಿಂಗಳು ಬೆಂಗಳೂರಿಗೆ ನನ್ನ ಹತ್ತಿರ ಬಂದಿದ್ದಳು, ರಿಮೋಟ್ ಶೆಲ್ ಸಮೇತ ಅಲ್ಲೇ ಶೋಕೇಸಿನಲ್ಲಿ ಉಳಿದಿತ್ತು. ವಾಪಸ್ ಹೋಗಿ ನೋಡಿದರೆ ಶೆಲ್ ಸೋರಿ ಸ್ಪ್ರಿಂಗಿನ ಮೇಲೆಲ್ಲ ಬಿಳಿ ಪುಡಿ ಕಟ್ಟಿಕೊಂಡಿತ್ತು. ಹತ್ತಿಯನ್ನು ನಿಂಬೆರಸದಲ್ಲಿ ಅದ್ದಿ ಉಜ್ಜಿದೆ. ಆಲ್ಕಲೈನ್ ಶೆಲ್ ಸೋರಿದರೆ ಹುಳಿ ಹಾಕಿ ಒರೆಸಿದಾಗ ಪುಡಿ ಬಿಡುತ್ತದೆ, ಎಷ್ಟೋ ಸಲ ರಿಮೋಟ್ ಉಳಿದುಕೊಳ್ಳುತ್ತದೆ ಕೂಡ. ನಮ್ಮದು ಉಳಿಯಲಿಲ್ಲ. ಒಳಗಿನ ತಗಡೇ ತಿಂದು ಹೋಗಿತ್ತು.

ಹೊಸ ರಿಮೋಟ್ ತರುವುದು ಏನು ಮಹಾ ಕೆಲಸ ಅಂದುಕೊಂಡಿದ್ದೆ. ಮೂರು ಕೊಂಡೆ. ಎರಡು ದಂಡ ಆದವು, ಮೂರನೆಯದು ನಿಂತಿತು. ನಿಮಗೂ ಅಷ್ಟು ಖರ್ಚು ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ, ಮುಖ್ಯವಾಗಿ ಊರಲ್ಲಿರುವ ಅಪ್ಪ ಅಮ್ಮನಿಗೆ ರಿಮೋಟ್ ಕೊಂಡು ಕಳಿಸುವವರಿಗೆ.

ಮೈಕ್ ಯಾಕೆ ಬೇಕೇ ಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. ನಮ್ಮಂಥವರಿಗೆ ಅದೊಂದು ಸೌಕರ್ಯ ಅಷ್ಟೇ. ಅಮ್ಮ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಪೇಪರ್ ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾಳೆ. ಇಂಗ್ಲಿಷ್ ಅಕ್ಷರ ಗೊತ್ತು, ಆದರೆ ಒಂದೊಂದನ್ನೇ ಹುಡುಕಬೇಕು. ಟಿವಿಯಲ್ಲಿ ಸರ್ಚ್ ತೆರೆದರೆ ಎ ಇಂದ ಝಡ್‌ವರೆಗೆ ಅಕ್ಷರ ಸಾಲಾಗಿ ಬರುತ್ತವೆ. ಒಂದು ಅಕ್ಷರಕ್ಕೆ ಬಲಕ್ಕೆ ಐದು ಸಲ, ಕೆಳಕ್ಕೆ ಎರಡು ಸಲ ಒತ್ತಬೇಕು, ಆಮೇಲೆ ಓಕೆ. ಹತ್ತು ಅಕ್ಷರದ ಹೆಸರು ಬರೆಯುವಷ್ಟರಲ್ಲಿ ಬೆರಳು ನೋಯುತ್ತದೆ, ಅವಳಿಗೆ ಮೊದಲೇ ಬೆಳಗ್ಗೆ ಎದ್ದಾಗ ಬೆರಳ ಗೆಣ್ಣು ಬಿಗಿದುಕೊಂಡಿರುತ್ತದೆ. ಮೈಕ್ ಇದ್ದರೆ ಬಾಯಿಬಿಟ್ಟು ಕೇಳುತ್ತಾಳೆ. ಇಲ್ಲದಿದ್ದರೆ ಮೊದಲ ಪುಟದಲ್ಲಿ ಕಂಪನಿಯವರು ಏನು ತೋರಿಸುತ್ತಾರೋ ಅದನ್ನೇ ನೋಡಿಕೊಂಡು ಕೂರುತ್ತಾಳೆ. ತನಗೆ ಬೇಕಾದ್ದನ್ನು ತಾನೇ ಕೇಳಿ ಹಾಕಿಸಿಕೊಳ್ಳುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ಹೊಸದು ಬರುವವರೆಗೆ ಫೋನಿನಲ್ಲೇ ಕೆಲಸ ನಡೆಸಿದೆವು. ಫೈರ್ ಟಿವಿ ಆಪ್ ಅಂತ ಇದೆ, ದುಡ್ಡು ಕೊಡಬೇಕಿಲ್ಲ. ಫೋನೂ ಸ್ಟಿಕ್ಕೂ ಒಂದೇ ವೈಫೈಯಲ್ಲಿ ಇರಬೇಕು, ಟಿವಿ ಮೇಲೆ ಬರುವ ನಂಬರನ್ನು ಫೋನಿನಲ್ಲಿ ಒತ್ತಿದರೆ ಜೋಡಿ ಆಗುತ್ತದೆ. ಅದರಲ್ಲೂ ಮೈಕ್ ಇದೆ, ಟೈಪ್ ಮಾಡಲು ಫೋನಿನ ಕೀಬೋರ್ಡೂ ಬರುತ್ತದೆ. ರಿಮೋಟ್ ಕಳೆದುಹೋದ ದಿನ ಇದು ದೇವರಂತೆ ಒದಗುತ್ತದೆ. ಆದರೆ ವಯಸ್ಸಾದವರಿಗೆ ದಿನನಿತ್ಯಕ್ಕೆ ಒಗ್ಗುವುದಿಲ್ಲ. ಫೋನ್ ಲಾಕ್ ತೆಗೆಯಬೇಕು, ಆಪ್ ಹುಡುಕಬೇಕು, ನಡುವೆ ಯಾರದ್ದಾದರೂ ಕಾಲ್ ಬಂದರೆ ಎಲ್ಲ ಕಲಸುಮೇಲೋಗರ. ಗುಂಡಿ ಕೈಗೆ ಸಿಗಬೇಕು, ನೋಡದೆಯೇ ಒತ್ತುವಂತಿರಬೇಕು. ಗಾಜಿನ ಮೇಲೆ ಅದು ಆಗುವುದಿಲ್ಲ.

ಮೊದಲ ರಿಮೋಟ್ ತಂದಿದ್ದು ನಮ್ಮ ಬೀದಿ ಕೊನೆಯ ಒಂದು ಮೊಬೈಲ್ ಅಂಗಡಿಯಲ್ಲಿ. 250 ರೂಪಾಯಿ. ನೋಡಲು ಥೇಟ್ ಹಳೆಯದರ ಹಾಗೇ ಇತ್ತು. ಊರಿಗೆ ಕಳಿಸಿದೆ, ಪಕ್ಕದ ಮನೆ ಹುಡುಗ ಶೆಲ್ ಹಾಕಿ ಒತ್ತಿದ, ಸ್ಟಿಕ್ ಅಲುಗಾಡಲೂ ಇಲ್ಲ. ಇದಕ್ಕೆ ಕಾರಣ ಆಮೇಲೆ ತಿಳಿಯಿತು, ಇದು ಎಲ್ಲರೂ ತಿಳಿದುಕೊಳ್ಳಬೇಕಾದ ವಿಷಯ. ರಿಮೋಟ್‌ಗಳಲ್ಲಿ ಎರಡು ಜಾತಿ. ಹಳೇ ಟಿವಿ ರಿಮೋಟ್ ಕಣ್ಣಿಗೆ ಕಾಣದ ಬೆಳಕಿನಲ್ಲಿ, ಅಂದರೆ ಇನ್‌ಫ್ರಾರೆಡ್‌ನಲ್ಲಿ ಮಾತಾಡುತ್ತದೆ. ಅದು ಎದುರುಗಡೆ ನೇರ ಹೋಗಬೇಕು, ಮಧ್ಯೆ ಯಾರಾದರೂ ನಿಂತರೆ ಆಗುವುದಿಲ್ಲ. ಸ್ಟಿಕ್ ಇರುವುದು ಟಿವಿಯ ಬೆನ್ನ ಹಿಂದೆ. ಅದಕ್ಕೆ ಆ ಬೆಳಕು ಹಿಡಿಯುವ ಕಣ್ಣೇ ಇಲ್ಲ. ಅದು ರಿಮೋಟ್ ಜೊತೆ ಮಾತಾಡುವುದು ಬ್ಲೂಟೂತ್‌ನಲ್ಲಿ. ನಮ್ಮ ದನಿ ಹೋಗುವುದೂ ಅದೇ ದಾರಿಯಲ್ಲಿ. ಹಾಗಾಗಿ ಬರೀ ಇನ್‌ಫ್ರಾರೆಡ್ ಇರುವ ರಿಮೋಟ್ ಎಷ್ಟು ಚೆಂದ ಇದ್ದರೂ ಸ್ಟಿಕ್‌ಗೆ ಕೆಲಸಕ್ಕೆ ಬಾರದು. "ಪೇರ್ ಮಾಡುವುದೇ ಬೇಡ, ಶೆಲ್ ಹಾಕಿ ಬಳಸಿ" ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಕೈ ಹಾಕಬೇಡಿ.

ಎರಡನೆಯದಕ್ಕೆ ಎಸ್.ಪಿ. ರೋಡಿಗೆ ಹೋದೆ. ಟೌನ್ ಹಾಲ್ ಹತ್ತಿರ ಇಳಿದು ನಡೆದುಕೊಂಡು ಹೋದರೆ ಎರಡೂ ಕಡೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ, ಬೆಂಗಳೂರಿನಲ್ಲಿ ಬೇರೆಲ್ಲೂ ಸಿಗದಿದ್ದದ್ದು ಅಲ್ಲಿ ಸಿಗುತ್ತದೆ. ಒಂದು ಅಂಗಡಿಯಲ್ಲಿ ಕೇಳಿದೆ. "ವಾಯ್ಸ್ ಇರೋದೇ ಕೊಡಿ, ಬ್ಲೂಟೂತ್ ಇರಬೇಕು" ಅಂತ ಬಿಡಿಸಿ ಹೇಳಿದೆ. "ಇದೆ ಮೇಡಂ, ವಾಯ್ಸ್ ಗ್ಯಾರಂಟಿ, ಬರಲಿಲ್ಲ ಅಂದ್ರೆ ನಾನಿಲ್ವಾ" ಅಂದರು. 450 ರೂಪಾಯಿ ಕೊಟ್ಟೆ. ಬಿಲ್ ಕೇಳಿದೆ, ಕಾಗದದ ಚೀಟಿಯಲ್ಲಿ ಬರೆದುಕೊಟ್ಟರು.

ಇದನ್ನು ನಾನೇ ಊರಿಗೆ ತೆಗೆದುಕೊಂಡು ಹೋದೆ. ಜೋಡಿ ಆಯಿತು. ಮೇಲೆ ಕೆಳಗೆ ಹೋಯಿತು, ಓಕೆ ಒತ್ತಿದರೆ ತೆರೆಯಿತು, ನನಗೆ ಖುಷಿಯಾಯಿತು. ಮೈಕ್ ಒತ್ತಿ ಮಾತಾಡಿದರೆ ಟಿವಿಯ ಮೇಲೆ ಕೇಳಿಸಿಕೊಳ್ಳುವ ಗೆರೆ ಬಂತು, ಆಮೇಲೆ ಹಾಗೇ ಆರಿಹೋಯಿತು. ಇನ್ನೊಂದು ಸಲ ಮಾಡಿದೆ, ಹಾಗೇ ಆಯಿತು. ಕೊನೆಗೆ ತುಟಿಗೆ ತಾಗುವಷ್ಟು ಹತ್ತಿರ ಹಿಡಿದು ಕೂಗಿದಾಗ ಅರ್ಧ ಕೇಳಿಸಿಕೊಂಡಿತು. ಅಮ್ಮನ ದನಿ ಮೆತ್ತಗೆ. ಅವಳು ಮೂರು ಸಲ ಕೂಗಿ, "ಇದಕ್ಕೆ ಕಿವಿ ಮಂದ ಕಣೇ, ಬಿಡು" ಅಂತ ಟೀಪಾಯಿ ಮೇಲೆ ಇಟ್ಟುಬಿಟ್ಟಳು. ಅವಳ ಮುಖ ನೋಡಿ ನನಗೆ ಬೇಜಾರಾಯಿತು. ಯಂತ್ರ ಸರಿ ಇಲ್ಲದಿದ್ದರೂ ಅವಳು ತನಗೇ ಬರುವುದಿಲ್ಲ ಅಂದುಕೊಳ್ಳುತ್ತಾಳೆ, ಮತ್ತೆ ಮುಟ್ಟುವುದೇ ಇಲ್ಲ. ಅಗ್ಗದ ರಿಮೋಟ್‌ನಿಂದ ಆಗುವ ನಿಜವಾದ ನಷ್ಟ ಇದು, 450 ರೂಪಾಯಿ ಅಲ್ಲ. ಎರಡು ವಾರಕ್ಕೆ ಓಕೆ ಗುಂಡಿ ಒಳಗೆ ಸಿಕ್ಕಿಹಾಕಿಕೊಂಡಿತು. ಟಿವಿಯ ವಾಲ್ಯೂಮ್ ಅಂತೂ ಮೊದಲ ದಿನದಿಂದಲೂ ಏರಲಿಲ್ಲ, ಇಳಿಯಲಿಲ್ಲ. ಅಂಗಡಿಗೆ ವಾಪಸ್ ಹೋದಾಗ ಆ ಗ್ಯಾರಂಟಿ ಕೊಟ್ಟವರು "ಶೆಲ್ ಬದಲಾಯಿಸಿ ನೋಡಿ ಮೇಡಂ" ಅಂತ ಹೇಳಿ ಬೇರೆ ಗಿರಾಕಿ ಕಡೆ ತಿರುಗಿದರು.

ಮೂರನೇ ಸಲ ಕಂಪನಿಯದ್ದನ್ನೇ ತರಿಸಿದೆ. ಅಲೆಕ್ಸಾ ವಾಯ್ಸ್ ರಿಮೋಟ್, ಮೂರನೇ ಪೀಳಿಗೆಯದ್ದು. ಅಲೆಕ್ಸಾ ಅಂದರೆ ನಾವು ಹೇಳಿದ್ದನ್ನು ಕೇಳಿ ಕೆಲಸ ಮಾಡುವ ಅಮೆಜಾನ್‌ನ ಧ್ವನಿ ಸಹಾಯಕಿ. ಇದು 2021ರಲ್ಲಿ ಬಂದ ಮಾದರಿ. ಡೂಪ್ಲಿಕೇಟ್‌ನ ನಾಲ್ಕು ಪಟ್ಟು ಹತ್ತಿರ ಬೆಲೆ ಬಿತ್ತು, ಕೊಡುವಾಗ ಮನಸ್ಸು ಹಿಂದೆಮುಂದೆ ನೋಡಿತು. ಈಗ ನಾಲ್ಕು ತಿಂಗಳಾಯಿತು, ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಕೈಯಲ್ಲಿ ಹಿಡಿದಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ಬೆನ್ನು ಸ್ವಲ್ಪ ದುಂಡಗಿದೆ, ಅಂಗೈಯಲ್ಲಿ ಕೂರುತ್ತದೆ. ಮೇಲ್ಗಡೆ ಟಿವಿ ಆನ್ ಆಫ್ ಮಾಡುವ ಗುಂಡಿ, ಅದರ ಕೆಳಗೆ ನೀಲಿ ಬಣ್ಣದ ಅಲೆಕ್ಸಾ ಗುಂಡಿ. ತಳದ ಆಪ್ ಗುಂಡಿಗಳನ್ನು ಬಿಟ್ಟರೆ ಉಳಿದವೆಲ್ಲ ಕಪ್ಪು, ಮೇಲ್ಗಡೆ ಇದೊಂದೇ ನೀಲಿ, ಹಾಗಾಗಿ ಫೋನಿನಲ್ಲಿ "ಅಮ್ಮ, ನೀಲಿ ಗುಂಡಿ ಒತ್ತು" ಅಂತ ಹೇಳಿದರೆ ಸಾಕು. ದೂರದಿಂದ ಅಪ್ಪ ಅಮ್ಮನಿಗೆ ಟಿವಿ ಹೇಳಿಕೊಟ್ಟವರಿಗೆ ಇದರ ಬೆಲೆ ಗೊತ್ತು. ತಲೆಯ ಹತ್ತಿರ ಸೂಜಿ ಮೊನೆಯಷ್ಟು ತೂತಿದೆ, ಅದೇ ಮೈಕ್. ಆ ಡೂಪ್ಲಿಕೇಟ್‌ನಲ್ಲೂ ಹಾಗೇ ತೂತಿತ್ತು, ಒಳಗಿದ್ದ ಮೈಕ್ ಮಾತ್ರ ಬೇರೆ ದರ್ಜೆಯದ್ದು. ಇದರಲ್ಲಿ ಅಮ್ಮ ಸೋಫಾದಲ್ಲಿ ಒರಗಿಕೊಂಡು, ರಿಮೋಟನ್ನು ಮಡಿಲಲ್ಲಿಟ್ಟುಕೊಂಡೇ ಮಾತಾಡುತ್ತಾಳೆ. ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಕೇಳಿಸುತ್ತದೆ.

ಒಂದು ತೊಡಕು ಬಂತು, ಅದು ಎಲ್ಲ ಮನೆಯಲ್ಲೂ ಬರುತ್ತದೆ ಅನ್ನಿಸುತ್ತದೆ. ಅಮ್ಮ ಗುಂಡಿಯನ್ನು ಕಾಲಿಂಗ್ ಬೆಲ್ ಒತ್ತಿದ ಹಾಗೆ ಒಂದು ಸಲ ಒತ್ತಿ ಬಿಟ್ಟು, ಆಮೇಲೆ ಮಾತಾಡುತ್ತಿದ್ದಳು. ಈ ರಿಮೋಟ್‌ನಲ್ಲಿ ಒತ್ತಿ ಹಿಡಿದುಕೊಂಡೇ ಮಾತಾಡಬೇಕು, ಮಾತು ಮುಗಿದ ಮೇಲೆ ಬಿಡಬೇಕು. "ಒತ್ತಿ ಹಿಡ್ಕೋ" ಅಂತ ನಾಲ್ಕು ಸಲ ಹೇಳಿದೆ, ತಲೆಗೆ ಹೋಗಲಿಲ್ಲ. ಆಮೇಲೆ ಹೊಳೆಯಿತು. "ಚಟ್ನಿ ಮಾಡುವಾಗ ಮಿಕ್ಸಿ ಗುಂಡಿಯನ್ನು ಎಡಕ್ಕೆ ತಿರುಗಿಸಿ ಹಿಡ್ಕೊಳ್ಳಲ್ವಾ ನೀನು, ಬಿಟ್ಟರೆ ನಿಂತುಹೋಗುತ್ತಲ್ಲ, ಇದೂ ಹಾಗೇ." "ಓ, ಹಾಗೋ" ಅಂದಳು. ಅವತ್ತಿನಿಂದ ಒಂದು ದಿನವೂ ತಪ್ಪಿಲ್ಲ.

ಮತ್ತೆ ರಾತ್ರಿಯ ವಿಷಯ. ಈ ರಿಮೋಟ್‌ನ ಗುಂಡಿಗಳಿಗೆ ಒಳಗಿನಿಂದ ಬೆಳಕು ಬರುವುದಿಲ್ಲ. ಅಮ್ಮ ದೊಡ್ಡ ಲೈಟ್ ಆರಿಸಿ ಟಿವಿ ನೋಡುತ್ತಾಳೆ. ಹಣೆಗೆ ಇಡುವ ಸ್ಟಿಕ್ಕರ್ ಇರುತ್ತದಲ್ಲ, ಮಖಮಲ್ಲಿನಂತೆ ಇರುವ ದುಂಡನೆಯದು, ಅದನ್ನು ನೀಲಿ ಗುಂಡಿಯ ಮೇಲೆ ಒಂದು ಅಂಟಿಸಿದೆವು. ಹೆಬ್ಬೆರಳು ಆಡಿಸಿದರೆ ನುಣುಪಾದ ಪ್ಲಾಸ್ಟಿಕ್ ನಡುವೆ ಅದೊಂದು ತರಿತರಿಯಾಗಿ ಸಿಗುತ್ತದೆ. ಅಮ್ಮ ಕೊಬ್ಬರಿ ಎಣ್ಣೆ ಕೈಯಲ್ಲೇ ಮುಟ್ಟುತ್ತಾಳೆ, ಹಾಗಾಗಿ ತಿಂಗಳಿಗೊಂದು ಸಲ ಉದುರುತ್ತದೆ, ಹೊಸದು ಅಂಟಿಸುತ್ತಾಳೆ. ಬೆಳಕಿರುವ ಗುಂಡಿಯೇ ಬೇಕು ಅನ್ನುವವರಿಗೆ 2022ರಲ್ಲಿ ಅಲೆಕ್ಸಾ ವಾಯ್ಸ್ ರಿಮೋಟ್ ಪ್ರೊ ಅಂತ ಬಂದಿದೆ. ಅದರ ಗುಂಡಿ ಕತ್ತಲಲ್ಲಿ ಬೆಳಗುತ್ತದೆ, ರಿಮೋಟ್ ಎಲ್ಲೋ ಸೇರಿಕೊಂಡರೆ ಶಬ್ದ ಮಾಡಿಸಿ ಹುಡುಕಬಹುದು. ದಿಂಬಿನ ಸಂದಿಯಲ್ಲಿ ರಿಮೋಟ್ ಮಾಯವಾಗುವ ಮನೆಗೆ ಅದು ಒಳ್ಳೆಯದು.

ಟಿವಿಯ ವಾಲ್ಯೂಮ್ ಮತ್ತು ಪವರ್ ಇದೇ ರಿಮೋಟ್‌ನಲ್ಲಿ ಇರುವುದು ಮೈಕ್‌ನಷ್ಟೇ ಮುಖ್ಯ. ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಫೈರ್ ಟಿವಿ ಸ್ಟಿಕ್ ನಮ್ಮ ದೇಶಕ್ಕೆ 2017ರಲ್ಲಿ ಬಂದಾಗ ಜೊತೆಗೆ ಕೊಟ್ಟ ರಿಮೋಟ್‌ನಲ್ಲಿ ಮೈಕ್ ಇತ್ತು, ವಾಲ್ಯೂಮ್ ಇರಲಿಲ್ಲ. 2018ರಲ್ಲಿ 4ಕೆ ಸ್ಟಿಕ್ ಜೊತೆ ಬಂದ ರಿಮೋಟ್‌ನಲ್ಲಿ ಪವರ್, ವಾಲ್ಯೂಮ್, ಮ್ಯೂಟ್ ಮೂರೂ ಬಂದವು. ಆಮೇಲೆ 2020ರಲ್ಲಿ ಕಡಿಮೆ ಬೆಲೆಯ ಸ್ಟಿಕ್ ಲೈಟ್ ಬಂತು, ಅದರ ರಿಮೋಟ್‌ನಲ್ಲಿ ಮತ್ತೆ ಈ ಮೂರು ಇಲ್ಲ. ಬೆಲೆ ಕಡಿಮೆ ಅಂತ ಲೈಟ್ ರಿಮೋಟ್ ಕೊಂಡರೆ ಮನೆಯಲ್ಲಿ ಎರಡು ರಿಮೋಟ್ ಇಟ್ಟುಕೊಳ್ಳಬೇಕು. ಎರಡು ರಿಮೋಟ್ ಇದ್ದ ಮನೆಯಲ್ಲಿ ವಯಸ್ಸಾದವರು ಯಾವುದರಲ್ಲಿ ಏನು ಅಂತ ಗೊಂದಲ ಮಾಡಿಕೊಳ್ಳುತ್ತಾರೆ, ಟಿವಿ ರಿಮೋಟ್‌ನಲ್ಲಿ ತಪ್ಪಾಗಿ ಇನ್‌ಪುಟ್ ಬದಲಾಯಿಸಿ "ನೋ ಸಿಗ್ನಲ್" ಬರಿಸಿಕೊಂಡು, ಮಗಳು ಬರುವವರೆಗೆ ಟಿವಿ ಆರಿಸಿ ಕೂರುತ್ತಾರೆ. ನಮ್ಮಲ್ಲಿ ಹೀಗೆ ಮೂರು ದಿನ ಆಗಿದೆ. ಈಗ ಟಿವಿಯ ಸ್ವಂತ ರಿಮೋಟ್ ಬೀರುವಿನಲ್ಲಿದೆ.

ಒಂದು ಸೂಕ್ಷ್ಮ ಇದೆ. ಸ್ಟಿಕ್‌ಗೆ ಹೋಗುವುದು ಬ್ಲೂಟೂತ್ ಅಂದೆನಲ್ಲ, ಟಿವಿಯ ವಾಲ್ಯೂಮ್‌ಗೆ ಹೋಗುವುದು ಅದೇ ಹಳೇ ಇನ್‌ಫ್ರಾರೆಡ್ ಬೆಳಕು. ಹಾಗಾಗಿ ವಾಲ್ಯೂಮ್ ಒತ್ತುವಾಗ ಮಾತ್ರ ರಿಮೋಟನ್ನು ಟಿವಿಯ ಕಡೆಗೆ ತಿರುಗಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ಇಕ್ವಿಪ್‌ಮೆಂಟ್ ಕಂಟ್ರೋಲ್ ಅಂತ ಇರುತ್ತದೆ, ಅಲ್ಲಿ ಟಿವಿಯ ಕಂಪನಿ ಹೆಸರು ಆರಿಸಿದರೆ ಅದೇ ಒಂದೆರಡು ಸಲ ಪರೀಕ್ಷೆ ಮಾಡಿ ಹೊಂದಿಸಿಕೊಳ್ಳುತ್ತದೆ. ವಾಲ್ಯೂಮ್ ಬರುತ್ತಿಲ್ಲ, ರಿಮೋಟ್ ಕೆಟ್ಟಿದೆಯಾ ಅಂತ ಅನುಮಾನ ಬಂದರೆ ಫೋನಿನ ಸೆಲ್ಫಿ ಕ್ಯಾಮರಾ ತೆರೆದು ರಿಮೋಟ್‌ನ ತಲೆಯನ್ನು ಅದರ ಎದುರು ಹಿಡಿದು ವಾಲ್ಯೂಮ್ ಒತ್ತಿ. ತುಂಬಾ ಫೋನ್‌ಗಳಲ್ಲಿ ನೇರಳೆ ಬಣ್ಣದ ಮಿಣುಕು ಕಾಣುತ್ತದೆ. ಕಂಡರೆ ರಿಮೋಟ್ ಸರಿ ಇದೆ, ಸೆಟ್ಟಿಂಗ್ ನೋಡಿ.

ಜೋಡಿ ಮಾಡುವುದು ಸುಲಭ. ಶೆಲ್ ಹಾಕಿ, ಸ್ಟಿಕ್ ಆನ್ ಇರಲಿ, ಮನೆ ಚಿತ್ರದ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಹಳೇ ರಿಮೋಟನ್ನು ತೆಗೆಯಬೇಕೆಂದೇನೂ ಇಲ್ಲ, ಒಂದು ಸ್ಟಿಕ್‌ಗೆ ಏಳರವರೆಗೆ ಜೋಡಿಸಬಹುದು. ನಿಮ್ಮ ಸ್ಟಿಕ್ ಯಾವ ಮಾದರಿ ಅಂತ ಕೊಳ್ಳುವ ಮೊದಲು ನೋಡಿಕೊಳ್ಳಿ, ಸೆಟ್ಟಿಂಗ್ಸ್‌ನಲ್ಲಿ ಮೈ ಫೈರ್ ಟಿವಿ, ಅದರಲ್ಲಿ ಅಬೌಟ್. ಅಮೆರಿಕದಲ್ಲಿ 2014ರಲ್ಲಿ ಬಂದ ಮೊದಲ ಪೀಳಿಗೆಯ ಸ್ಟಿಕ್‌ಗೆ ಈ ಹೊಸ ರಿಮೋಟ್ ಹೊಂದುವುದಿಲ್ಲ, ಯಾರಾದರೂ ಅಲ್ಲಿಂದ ತಂದುಕೊಟ್ಟ ಹಳೇದು ನಿಮ್ಮಲ್ಲಿದ್ದರೆ ಗಮನಿಸಿ. ರಿಮೋಟ್ ಪೂರ್ತಿ ಸತ್ತಿದ್ದು ಮೆನುವಿಗೆ ಹೋಗಲೇಬೇಕು ಅಂದಾಗ ಟಿವಿಯ ಸ್ವಂತ ರಿಮೋಟ್‌ನ ಬಾಣದ ಗುಂಡಿಗಳನ್ನೇ ಒತ್ತಿ ನೋಡಿ. ಸ್ಟಿಕ್ ಸಿಕ್ಕಿಸಿರುವ ಎಚ್‌ಡಿಎಂಐ ಕಿಂಡಿಯ ಮೂಲಕ ಟಿವಿ ಸ್ಟಿಕ್‌ಗೆ ಹೇಳಿ ಕಳಿಸುತ್ತದೆ, ಟಿವಿಯ ಸೆಟ್ಟಿಂಗ್‌ನಲ್ಲಿ ಸಿಇಸಿ ಆನ್ ಇರಬೇಕು ಅಷ್ಟೇ. ಸ್ಯಾಮ್‌ಸಂಗ್‌ನಲ್ಲಿ ಅದಕ್ಕೆ ಎನಿನೆಟ್ ಪ್ಲಸ್ ಅನ್ನುತ್ತಾರೆ, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಹೆಸರು ಬೇರೆ, ಕೆಲಸ ಒಂದೇ.

ಈಗ ಮುಖ್ಯ ವಿಷಯ, ಭಾಷೆ.

ಅಲೆಕ್ಸಾ ಇಂಡಿಯಾದಲ್ಲಿ ಇಂಗ್ಲಿಷ್ ಕೇಳುತ್ತದೆ, 2019ರಿಂದ ಹಿಂದಿಯನ್ನೂ ಕೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿ ಇಲ್ಲ. ಅಮ್ಮನಿಗೆ ಹಿಂದಿ ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಹಾಗಾದರೆ ಅವಳು ಹೇಗೆ ಬಳಸುತ್ತಾಳೆ ಅಂತ ಕೇಳುತ್ತೀರಿ. ನಾವೆಲ್ಲ ಮಾತಾಡುವ ಕನ್ನಡದಲ್ಲಿ ಟಿವಿಗೆ ಬೇಕಾದಷ್ಟು ಇಂಗ್ಲಿಷ್ ಪದ ಆಗಲೇ ಇವೆ. ಓಪನ್ ಯೂಟ್ಯೂಬ್, ವಾಲ್ಯೂಮ್ ಅಪ್, ಪಾಸ್, ಗೋ ಹೋಮ್, ಟರ್ನ್ ಆಫ್ ಟಿವಿ. ಈ ಐದನ್ನು ಒಂದು ರಟ್ಟಿನ ಮೇಲೆ ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಬರೆದು ಟಿವಿ ಪಕ್ಕ ಇಟ್ಟೆ. ಗುಂಡಿ ಒತ್ತಿದಾಗ "ಅಲೆಕ್ಸಾ" ಅಂತ ಮೊದಲು ಕರೆಯಬೇಕಿಲ್ಲ, ನೇರವಾಗಿ ವಿಷಯಕ್ಕೆ ಬರಬಹುದು. ಒಂದು ವಾರಕ್ಕೆ ರಟ್ಟು ಬೇಡವಾಯಿತು. ಒಂದು ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಒಳಗಿನಿಂದ ಅಮ್ಮನ ದನಿ, "ಅನಂತ್ ನಾಗ್ ಕನ್ನಡ ಮೂವಿ ಹಾಕಪ್ಪ." ಹೋಗಿ ನೋಡಿದರೆ ತೆರೆ ತುಂಬಾ ಅನಂತ್ ನಾಗ್. ಹೆಸರನ್ನೂ ಮೂವಿ ಅನ್ನುವುದನ್ನೂ ಹಿಡಿದುಕೊಂಡಿತ್ತು. ಅಮ್ಮ ಕನ್ನಡಕ ಸರಿಮಾಡಿಕೊಂಡು ಯಾವುದು ನೋಡಲಿ ಅಂತ ಆರಿಸುತ್ತಿದ್ದಳು. ಐದು ವರ್ಷದಿಂದ ಆ ಸ್ಟಿಕ್ ಆ ಮನೆಯಲ್ಲಿದೆ, ಅಮ್ಮ ತನ್ನಿಷ್ಟದ್ದನ್ನು ತಾನೇ ಕೇಳಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಹೆಸರು ಹೇಳುವುದರಲ್ಲಿ ಒಂದು ಕಿವಿಮಾತು. ಈ ಸ್ಟಿಕ್ ಆಗಲಿ, ಟಿವಿಗೆ ಹಾಕುವ ಇಂಥದ್ದೇ ಬೇರೆ ಯಾವ ಪೆಟ್ಟಿಗೆ ಆದರೂ ಸರಿ, ಬರೀ "ರಾಜ್‌ಕುಮಾರ್" ಅಂದರೆ ಸಾಲದು. ಹಿಂದಿಯಲ್ಲೂ ಹಿಂದೆ ಒಬ್ಬ ರಾಜ್ ಕುಮಾರ್ ಇದ್ದರು, ಈಗ ರಾಜ್‌ಕುಮ್ಮಾರ್ ರಾವ್ ಇದ್ದಾರೆ. ಯಂತ್ರಕ್ಕೆ ನಮ್ಮ ಅಣ್ಣಾವ್ರು ಯಾರು ಅಂತ ಗೊತ್ತಾಗಬೇಕಾದರೆ "ಡಾಕ್ಟರ್ ರಾಜ್‌ಕುಮಾರ್ ಕನ್ನಡ ಮೂವೀಸ್" ಅಂತ ಪೂರ್ತಿ ಹೇಳಬೇಕು. ಕನ್ನಡ ಅನ್ನುವ ಪದ ಸೇರಿಸಿದರೆ ಫಲಿತಾಂಶ ಎಷ್ಟೋ ಶುದ್ಧವಾಗುತ್ತದೆ.

ಪೂರ್ತಿ ಕನ್ನಡದಲ್ಲೇ ಕೇಳಬೇಕು ಅನ್ನುವಾಗ ಇನ್ನೊಂದು ದಾರಿ ಇದೆ. ಹಳೇ ಭಾವಗೀತೆ, ಹರಿಕಥೆ, ಯಾವುದೋ ಊರಿನ ಜಾತ್ರೆಯ ವಿಡಿಯೋ, ಇಂಥವನ್ನು ಇಂಗ್ಲಿಷ್‌ನಲ್ಲಿ ಕೇಳಲು ಆಗುವುದಿಲ್ಲ. ನೆಂಟರ ಮನೆಯಲ್ಲಿ ಬೇರೆ ಒಂದು ಪೆಟ್ಟಿಗೆ ಇದೆ, ಅದರ ಹತ್ತಿರ ಅಮ್ಮ "ಭಾವಗೀತೆ" ಅಂದರೆ ಅದು "ಬಾಬಾ ಗೀತಾ" ಅಂತ ಬರೆದುಕೊಂಡಿತು. ಅಂಥ ಕಡೆ ಫೋನೇ ಮೇಲು. ಆಂಡ್ರಾಯ್ಡ್ ಫೋನಿನ ಗೂಗಲ್ ಕೀಬೋರ್ಡಿಗೆ ಕನ್ನಡ ಸೇರಿಸಿ, ಯೂಟ್ಯೂಬ್ ಆಪ್‌ನ ಹುಡುಕುವ ಜಾಗದಲ್ಲಿ ಆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಕನ್ನಡ ಲಿಪಿಯಲ್ಲೇ ಬರೆಯುತ್ತದೆ. ಬಂದ ವಿಡಿಯೋವನ್ನು ಕಾಸ್ಟ್ ಗುರುತು ಒತ್ತಿ ಟಿವಿಗೆ ಕಳಿಸಬಹುದು. ಪಕ್ಕದ ಮನೆ ಹುಡುಗ ಇದನ್ನು ಅಮ್ಮನಿಗೆ ಕಲಿಸಿದ್ದಾನೆ, ವಾರಕ್ಕೊಮ್ಮೆ ಮಾಡುತ್ತಾಳೆ.

ಇಲ್ಲಿ ನನಗೆ ಹೇಳಲೇಬೇಕಾದ ಒಂದು ಮಾತಿದೆ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಬಂದಿದ್ದು 2017ರಲ್ಲಿ. ಅಂದರೆ ಯಂತ್ರಕ್ಕೆ ಕನ್ನಡ ಕೇಳಿಸುವುದಿಲ್ಲ ಅನ್ನುವ ಕಾಲ ಎಂದೋ ಹೋಯಿತು. 2011ರ ಜನಗಣತಿಯಲ್ಲೇ ಕನ್ನಡ ನಮ್ಮ ತಾಯಿನುಡಿ ಅಂತ ಬರೆಸಿದವರು 4.37 ಕೋಟಿ ಜನ. ಟಿವಿ ರಿಮೋಟ್ ಮಾಡುವ ಎಲ್ಲ ಕಂಪನಿಗಳೂ ಇಷ್ಟು ಜನರ ಮಾತನ್ನು ಕೇಳಿಸಿಕೊಳ್ಳಲೇಬೇಕು. ಆಪ್‌ಗಳಲ್ಲಿ ಫೀಡ್‌ಬ್ಯಾಕ್ ಅಂತ ಒಂದು ಜಾಗ ಇರುತ್ತದೆ, ನಾನು ಅಲ್ಲಿ ಕನ್ನಡ ಬೇಕು ಅಂತ ಕನ್ನಡದಲ್ಲೇ ಬರೆದಿದ್ದೇನೆ. ನೀವೂ ಎರಡು ಸಾಲು ಬರೆಯಿರಿ.

ಬೇರೆ ಪೆಟ್ಟಿಗೆ ಇರುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕ್ರೋಮ್‌ಕಾಸ್ಟ್ ವಿತ್ ಗೂಗಲ್ ಟಿವಿ ಇದ್ದರೆ ಅದರ ರಿಮೋಟ್ ಬಿಳಿ, ಚಿಕ್ಕದು, ವಾಲ್ಯೂಮ್ ಗುಂಡಿ ಪಕ್ಕದ ಅಂಚಿನಲ್ಲಿದೆ. ಯುವಕರ ಕೈಗೆ ಚೆಂದ. ಕ್ರೋಮ್‌ಕಾಸ್ಟ್ ತಯಾರಿಸುವುದನ್ನು ನಿಲ್ಲಿಸುತ್ತೇವೆ ಅಂತ ಗೂಗಲ್ 2024ರಲ್ಲಿ ಹೇಳಿದೆ, ಹಾಗಾಗಿ ಇರುವ ರಿಮೋಟನ್ನು ಜೋಪಾನ ಮಾಡಿ. ಆಪಲ್ ಟಿವಿಯ ಸಿರಿ ರಿಮೋಟ್‌ಗೆ ಶೆಲ್ ಬೇಕಿಲ್ಲ, ಚಾರ್ಜ್ ಮಾಡಬೇಕು, ಮೈಕ್ ಗುಂಡಿ ಬಲ ಅಂಚಿನಲ್ಲಿದೆ. ಫೈಬರ್ ಇಂಟರ್ನೆಟ್ ಜೊತೆ ಕೊಡುವ ಸೆಟ್‌ಟಾಪ್ ಬಾಕ್ಸ್ ಆದರೆ ಅಂಗಡಿ ಅಲೆಯಬೇಡಿ, ಇಂಟರ್ನೆಟ್ ಕೊಟ್ಟವರನ್ನೇ ಕೇಳಿ, ಅವರ ಮಾದರಿಯ ರಿಮೋಟೇ ಬೇಕು.

ಅಮೆರಿಕದಲ್ಲಿ ಮಕ್ಕಳ ಮನೆಗೆ ಆರು ತಿಂಗಳು ಹೋಗುವ ಅಪ್ಪ ಅಮ್ಮಂದಿರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ನನ್ನ ಚಿಕ್ಕಮ್ಮ ನ್ಯೂಜೆರ್ಸಿಗೆ ಹೋದಾಗ ಮಗಳ ಮನೆಯಲ್ಲಿ ರೋಕು ಅನ್ನುವ ಕಂಪನಿಯ ಟಿವಿ ಪೆಟ್ಟಿಗೆ ಇತ್ತು, ಜೊತೆಗೆ ರೋಕುವಿನದೇ ವಾಯ್ಸ್ ರಿಮೋಟ್ ಪ್ರೊ. ಅದನ್ನು ಚಾರ್ಜ್ ಮಾಡಬಹುದು, ಗುಂಡಿ ಮುಟ್ಟದೆ "ಹೇ ರೋಕು" ಅಂದರೆ ಕೇಳುತ್ತದೆ, ರಿಮೋಟ್ ಎಲ್ಲಿ ಅಂತ ಕೇಳಿದರೆ ತಾನೇ ಸದ್ದು ಮಾಡುತ್ತದೆ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುತ್ತಿದ್ದ ಚಿಕ್ಕಮ್ಮನಿಗೆ ಅದು ತುಂಬಾ ಹಿಡಿಸಿತ್ತು. ಮೈಕ್ ಸದಾ ತೆರೆದಿರುವುದು ಬೇಡ ಅಂದರೆ ಪಕ್ಕದಲ್ಲಿ ಮುಚ್ಚುವ ಸ್ವಿಚ್ ಇದೆ. ಇಲ್ಲಿಗೆ ತರಬೇಡಿ, ಅದು ರೋಕು ಪೆಟ್ಟಿಗೆಗೆ ಮಾತ್ರ.

ನಮ್ಮ ಮಾತು ರೆಕಾರ್ಡ್ ಆಗುತ್ತದಾ ಅಂತ ಅಣ್ಣ ಕೇಳಿದ. ಆಗುತ್ತದೆ, ಗುಂಡಿ ಒತ್ತಿ ಹಿಡಿದಾಗ ಹೇಳಿದ್ದು ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರ್‌ಗೆ ಹೋಗಿಯೇ ಉತ್ತರ ಬರುವುದು. ಅಲೆಕ್ಸಾ ಆಪ್‌ನಲ್ಲಿ ಪ್ರೈವಸಿಗೆ ಹೋದರೆ ಹೇಳಿದ್ದೆಲ್ಲ ಕಾಣುತ್ತದೆ, ಅಳಿಸಬಹುದು. ಗುಂಡಿ ಬಿಟ್ಟ ಮೇಲೆ ಈ ರಿಮೋಟ್ ಕೇಳಿಸಿಕೊಳ್ಳುವುದಿಲ್ಲ, ನನಗೆ ಅದೇ ಸಮಾಧಾನ. ಇಂಟರ್ನೆಟ್ ಇಲ್ಲದಾಗ ಮೈಕ್ ಕೆಲಸ ಮಾಡುವುದಿಲ್ಲ, ಅದೂ ಇದೇ ಕಾರಣಕ್ಕೆ. ನಮ್ಮ ಕಡೆ ಕರೆಂಟ್ ಹೋಗಿ ಬಂದಾಗ ವೈಫೈ ಎದ್ದು ಕೂರಲು ಎರಡು ಮೂರು ನಿಮಿಷ ಬೇಕು. ಅಷ್ಟು ಹೊತ್ತು ಕಾಯಬೇಕು ಅಂತ ಹೇಳಿಕೊಟ್ಟಿದ್ದೇನೆ, ಇಲ್ಲದಿದ್ದರೆ ರಿಮೋಟ್ ಕೆಟ್ಟಿತು ಅಂತ ಫೋನ್ ಬರುತ್ತದೆ.

ಬೆಲೆಯ ಲೆಕ್ಕ ಒಂದು ಬಾಕಿ. ಕಂಪನಿ ರಿಮೋಟ್ ಕೊಳ್ಳುವ ಮೊದಲು ಹೊಸ ಸ್ಟಿಕ್‌ನ ಬೆಲೆಯನ್ನೂ ನೋಡಿ. ಹಬ್ಬದ ಸೇಲ್ ಸಮಯದಲ್ಲಿ ರಿಮೋಟ್ ಸಮೇತ ಸ್ಟಿಕ್, ಬರೀ ರಿಮೋಟ್‌ಗಿಂತ ಸ್ವಲ್ಪವೇ ಜಾಸ್ತಿಗೆ ಸಿಗುವುದುಂಟು. ನಿಮ್ಮ ಸ್ಟಿಕ್ ಹಳೆಯದಾಗಿ ನಿಧಾನ ಆಗಿದ್ದರೆ ಅದೇ ಲಾಭ. ನಮ್ಮದು ಇನ್ನೂ ಚುರುಕಾಗಿದ್ದರಿಂದ ರಿಮೋಟ್ ಮಾತ್ರ ಕೊಂಡೆ. ಸೆಕೆಂಡ್ ಹ್ಯಾಂಡ್ ಒರಿಜಿನಲ್ ಸಿಕ್ಕರೂ ತೆಗೆದುಕೊಳ್ಳಬಹುದು, ಶೆಲ್ ಹಾಕುವ ಜಾಗದ ಮುಚ್ಚಳ ತೆಗೆದು ಸ್ಪ್ರಿಂಗ್ ಹೊಳೆಯುತ್ತಿದೆಯಾ ನೋಡಿ, ಅಲ್ಲೇ ಮೈಕ್‌ನಲ್ಲಿ ಮಾತಾಡಿಸಿ ನೋಡಿ.

ನಾಲ್ಕು ತಿಂಗಳಲ್ಲಿ ಒಂದು ಸಲ ಶೆಲ್ ಬದಲಾಯಿಸಿದ್ದೇವೆ, ಎರಡು ಎಎಎ, ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಮುಂದಿನ ತಿಂಗಳು ಅಮ್ಮ ಮತ್ತೆ ಬೆಂಗಳೂರಿಗೆ ಬರುತ್ತಾಳೆ. ಕಳೆದ ವಾರ ಹೋದಾಗ ಶೋಕೇಸಿನ ಗಾಜಿಗೆ ಕ್ಯಾಲೆಂಡರ್ ಹಿಂಭಾಗದ ಚೀಟಿಯೊಂದನ್ನು ಅಂಟಿಸಿದ್ದು ನೋಡಿದೆ. ಅಮ್ಮನದೇ ದುಂಡು ಅಕ್ಷರ: "ಊರಿಗೆ ಹೋಗುವಾಗ: ಗ್ಯಾಸ್, ನಲ್ಲಿ, ರಿಮೋಟ್ ಶೆಲ್."